ಹೆಸರು ಓದಿ, ಗಟ್ಟಿಯಾಗಿ ಓದಿ

ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕ ತಿರುವಿ ನೋಡಿದವರಿಗೆ ಈ ಸಾಲು ಗೊತ್ತಿರುತ್ತದೆ: "ಫಲಾನುಭವಿಗಳ ಪಟ್ಟಿಯನ್ನು ಸಭೆಯಲ್ಲಿ ಓದಿ ಹೇಳಲಾಯಿತು. ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು." ಬರೆದ ಕೈ ಬೇರೆ ಬೇರೆ, ವರ್ಷ ಬೇರೆ ಬೇರೆ, ಸಾಲು ಮಾತ್ರ ಅದೇ. ಈ ಸಾಲು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಎಷ್ಟೋ ಕಡೆ ಓದುವುದೂ ಇಲ್ಲ, ಚರ್ಚೆಯೂ ಇಲ್ಲ. ಮಾರನೇ ದಿನ ಬಿಲ್ ಕಲೆಕ್ಟರ್ ಪುಸ್ತಕ ಹಿಡಿದುಕೊಂಡು ಬೈಕಿನಲ್ಲಿ ಮನೆ ಮನೆಗೆ ಬರುತ್ತಾರೆ. "ಅಕ್ಕಾ, ಇಲ್ಲೊಂದು ಸೈನ್ ಹಾಕಿ" ಅನ್ನುತ್ತಾರೆ. ಅಕ್ಕ ಒಲೆ ಮುಂದಿನಿಂದ ಎದ್ದು ಬಂದು ಸೆರಗಿಗೆ ಕೈ ಒರೆಸಿಕೊಂಡು ಸೈನ್ ಹಾಕುತ್ತಾರೆ. ಹಾಜರಾತಿ ಸರಿಹೋಯಿತು, ಶೇ 30ರಷ್ಟು ಹೆಂಗಸರು ಇರಬೇಕು ಅನ್ನೋ ನಿಯಮವೂ ಪಾಲನೆಯಾಯಿತು. ಆದರೆ ಯಾವ ಹೆಸರಿಗೆ ಮನೆ ಮಂಜೂರಾಯಿತು, ಯಾರ ಹೊಲಕ್ಕೆ ಬದು ಹಾಕಿಸಿದ್ದಾಗಿ ಬರೆದಿದ್ದಾರೆ ಅನ್ನೋದು ಸೈನ್ ಹಾಕಿದ ಆ ಅಕ್ಕನ ಕಿವಿಗೆ ಬಿದ್ದೇ ಇಲ್ಲ.

ಪ್ರಜಾಪ್ರಭುತ್ವ ಉಳಿಸಿಕೊಳ್ಳಬೇಕು ಅಂತ ನಾವೆಲ್ಲ ಹೇಳುತ್ತೇವೆ. ಹೇಳಬೇಕು ಕೂಡ. ಆದರೆ ಆ ಮಾತು ಶುರುವಾದ ತಕ್ಷಣ ದಿಲ್ಲಿಗೆ ಹೋಗಿಬಿಡುತ್ತೇವೆ, ಅಲ್ವಾ? ಸುಪ್ರೀಂ ಕೋರ್ಟು, ಚುನಾವಣಾ ಆಯೋಗ, ರಾತ್ರಿ ಟಿವಿಯಲ್ಲಿ ಕೂತು ಕಿರುಚಾಡುವವರು. ಅವೆಲ್ಲ ದೊಡ್ಡ ವಿಷಯವೇ, ಇಲ್ಲ ಅನ್ನಲ್ಲ. ನಾನು ಇಲ್ಲಿ ಹೇಳಬೇಕು ಅಂದುಕೊಂಡಿರುವುದು ಅದಕ್ಕಿಂತ ತುಂಬಾ ಸಣ್ಣ ಕೆಲಸದ ಬಗ್ಗೆ. ಒಂದು ಸರ್ಕಾರಿ ಪಟ್ಟಿಯನ್ನು, ಆ ಪಟ್ಟಿಯಲ್ಲಿ ಇರುವವರು ಮತ್ತು ಇರಬೇಕಾದವರು ಕೂತಿರುವ ಜಾಗದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಓದುವುದು. ಇಷ್ಟೇ. ಇದನ್ನು ಸರಿಯಾಗಿ ಮಾಡಿದ ಕಡೆಯೆಲ್ಲ ಏನೋ ಒಂದು ಬದಲಾಗಿದೆ.

ಶಾಲೆ ಜಗುಲಿ ಮೇಲಿನ ಸಭೆ

ತುಮಕೂರು ಜಿಲ್ಲೆಯಲ್ಲಿ ನಮ್ಮ ಚಿಕ್ಕಮ್ಮನ ಊರು. ಊರಿನ ಹೆಸರು ಬೇಡ, ಅಲ್ಲಿಯವರು ಅಲ್ಲೇ ಬದುಕಬೇಕು. ಚಿಕ್ಕಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮೊದಲಿನಿಂದಲೂ ಇದ್ದವರು. ಆ ಸಂಘಗಳ ವಾರದ ಸಭೆ ಹೇಗಿರುತ್ತದೆ ಅಂತ ನೋಡಿದ್ದೀರಾ? ಚಾಪೆ ಹಾಸಿ ಸುತ್ತ ಕೂರುತ್ತಾರೆ. ಒಬ್ಬರು ಪುಸ್ತಕ ತೆಗೆದು ಯಾರು ಎಷ್ಟು ಕಟ್ಟಿದ್ದಾರೆ, ಯಾರ ಮೇಲೆ ಎಷ್ಟು ಸಾಲ ಇದೆ, ಯಾರ ಕಂತು ಬಾಕಿ ಅಂತ ಒಂದೊಂದೇ ಹೆಸರು ಓದುತ್ತಾರೆ. ಬಾಕಿ ಇರುವವರ ಮುಖ ಸಣ್ಣಗಾಗುತ್ತದೆ, ಕಟ್ಟಿದವರು ಹೂಂ ಅನ್ನುತ್ತಾರೆ. ಓದು ಬರದವರಿಗೂ ಸಂಘದ ಲೆಕ್ಕ ಬಾಯಿಗೆ ಬರುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ತಮ್ಮ ದುಡ್ಡಿನ ಲೆಕ್ಕವನ್ನು ಕಿವಿಯಿಂದಲೇ ಕಾಯ್ದುಕೊಂಡ ಹೆಂಗಸರು ಒಂದು ಸಲ ಗ್ರಾಮಸಭೆಗೂ ಅದೇ ಅಭ್ಯಾಸ ತಗೊಂಡು ಹೋದರು. ನಾನು ಆವತ್ತು ಅಲ್ಲಿದ್ದೆ.

ಸಭೆ ಶಾಲೆಯ ಜಗುಲಿಯಲ್ಲಿ. ಮುಂದೆ ಶಾಮಿಯಾನ, ಅಧ್ಯಕ್ಷರಿಗೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೂ ಬಟ್ಟೆ ಹೊದೆಸಿದ ಟೇಬಲ್ಲು. ನೋಡಲ್ ಅಧಿಕಾರಿ ಪಶುಸಂಗೋಪನೆ ಇಲಾಖೆಯವರು, ಬೇರೆ ಊರಲ್ಲಿ ಇನ್ನೊಂದು ಸಭೆ ಇದೆ ಅಂತ ಗಡಿಯಾರ ನೋಡಿಕೊಳ್ಳುತ್ತಿದ್ದರು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಜಮಖಾನದ ಮೇಲೆ. ಕಾಲೋನಿಯವರು ಹೊರಗೆ ಹೊಂಗೆ ಮರದ ನೆರಳಲ್ಲಿ ನಿಂತಿದ್ದರು. ಇದನ್ನು ಮರೆಯದೆ ಬರೆಯಬೇಕು, ಮುಂದೆ ಈ ಮಾತಿಗೆ ಬರುತ್ತೇನೆ. ವಸತಿ ಯೋಜನೆಯ ವಿಷಯ ಬಂತು. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೇವೆ, ತಕರಾರು ಇದ್ದರೆ ಅರ್ಜಿ ಕೊಡಿ ಅಂತ ಹೇಳಿ ಮುಂದಿನ ವಿಷಯಕ್ಕೆ ಹೋಗುವುದರಲ್ಲಿದ್ದರು. ಚಿಕ್ಕಮ್ಮ ಎದ್ದು ನಿಂತರು. "ಬೋರ್ಡ್ ಓದಕ್ಕೆ ಎಲ್ಲಾರ್ಗೂ ಬತ್ತದಾ ಸಾರ್? ಇಲ್ಲೇ ಓದ್ಬಿಡಿ, ಕೇಳ್ಕತೀವಿ" ಅಂದರು. ಸಮಯ ಇಲ್ಲಮ್ಮ ಅಂತ ಅಧಿಕಾರಿ ಅಂದಾಗ ಜಮಖಾನದ ಮೇಲಿದ್ದವರು ಒಬ್ಬೊಬ್ಬರಾಗಿ "ಓದಿ, ಓದಿ" ಅನ್ನತೊಡಗಿದರು. ಯಾರೂ ಕೂಗಾಡಲಿಲ್ಲ. ಪಿಡಿಒ ಒಳ್ಳೆಯವರು, ಪಟ್ಟಿ ತೆಗೆದು ಮುಂದೆ ಕೂತಿದ್ದ ಒಬ್ಬ ಪಿಯುಸಿ ಹುಡುಗಿಯ ಕೈಗೆ ಕೊಟ್ಟರು.

ಆ ಹುಡುಗಿ ಓದಿದ ರೀತಿ ಈಗಲೂ ನನ್ನ ಕಿವಿಯಲ್ಲಿದೆ. ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರಿನ ಯಾವ ಭಾಗ. ಒಂದು ಹೆಸರು, ಒಂದು ನಿಲುಗಡೆ. ಮೊದಲ ಕೆಲವು ಹೆಸರಿಗೆ ಜನ ಸುಮ್ಮನೆ ತಲೆ ಆಡಿಸಿದರು. ಹೌದು, ಅವರಿಗೆ ಮನೆ ಇಲ್ಲ, ಆಗಲಿ. ಆಮೇಲೆ ಒಂದು ಹೆಸರು ಬಂತು. ಹಿಂದಿನಿಂದ ಯಾರೋ "ಅವ್ರಿಗೆ ಆಗ್ಲೇ ಆರ್‌ಸಿಸಿ ಮನೆ ಐತಲ್ಲ" ಅಂದರು. ಕಾರ್ಯದರ್ಶಿ ಗುರುತು ಹಾಕಿಕೊಂಡರು. ಇನ್ನೊಂದು ಹೆಸರಿನವರು ಊರು ಬಿಟ್ಟು ಬೆಂಗಳೂರು ಸೇರಿ ಎಷ್ಟೋ ವರ್ಷವಾಗಿತ್ತು. ಅದಾದ ಮೇಲೆ ಬಂದ ಹೆಸರಿಗೆ ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ನೆಲ ನೋಡಿದರು. ಅದು ಊರಿನ ದೊಡ್ಡ ಮನೆಯೊಂದರ ಸೊಸೆಯ ಹೆಸರು, ಆ ಮನೆಯವರು ಕುರ್ಚಿಯಲ್ಲಿ ಕೂತಿದ್ದರು. ಹುಡುಗಿಗೂ ಗೊತ್ತಾಯಿತು, ಬೇಗ ಬೇಗ ಮುಂದಿನ ಹೆಸರಿಗೆ ಹೋದಳು. ಆಗ ಮುಂದೆ ಕಾಲು ಚಾಚಿಕೊಂಡು ಕೂತಿದ್ದ ಒಬ್ಬ ಅಜ್ಜಿ, ಎಲೆ ಅಡಿಕೆ ಅಗಿಯುತ್ತಲೇ, "ಅದ್ನ ಇನ್ನೊಂದ್ ಸಲ ಓದವ್ವ, ಕಿವಿ ಮಂದ ನಂಗೆ" ಅಂದರು. ಹುಡುಗಿ ಮತ್ತೆ ಓದಿದಳು, ಈ ಸಲ ನಿಧಾನವಾಗಿ. ಅಜ್ಜಿ ಹೂಂ ಅಂದರು, ಅಷ್ಟೇ. ಆರೋಪ ಇಲ್ಲ, ಜಗಳ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಮನೆಯ ಹಿರಿಯರೇ ಎದ್ದು, ನಮ್ಮದು ತೆಗೆದುಬಿಡಿ, ಯಾರೋ ತಪ್ಪಾಗಿ ಸೇರಿಸಿದ್ದಾರೆ ಅಂದರು.

ಪಟ್ಟಿ ಮುಗಿದ ಮೇಲೆ ಇನ್ನೊಂದು ಆಯಿತು. ಇದು ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು. ಹೊಂಗೆ ಮರದ ಕಡೆಯಿಂದ ಒಬ್ಬ ಹುಡುಗ ಕೆರೆ ಏರಿ ಕೆಳಗೆ ಶೀಟಿನ ಗುಡಿಸಲಲ್ಲಿ ಇರುವ ಒಬ್ಬ ವಿಧವೆಯ ಹೆಸರು ಹೇಳಿ, ಅದು ಯಾಕೆ ಬರಲಿಲ್ಲ ಅಂತ ಕೇಳಿದ. ಯಾಕೆಂದರೆ ಆಕೆ ಅರ್ಜಿಯನ್ನೇ ಹಾಕಿರಲಿಲ್ಲ, ಅರ್ಜಿ ಹಾಕಬೇಕು ಅಂತ ಯಾರೂ ಹೇಳಿರಲಿಲ್ಲ. ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿ ಇರುವ ಹೆಸರು ಕಾಣುತ್ತದೆ, ಬಿಟ್ಟುಹೋದ ಹೆಸರು ಕಾಣಲ್ಲ. ಎಲ್ಲರೂ ಕೂತು ಕೇಳಿದಾಗ ಮಾತ್ರ "ಅಯ್ಯೋ, ಅವಳ ಹೆಸರು ಬರಲೇ ಇಲ್ಲವಲ್ಲ" ಅಂತ ಯಾರಿಗಾದರೂ ಹೊಳೆಯುತ್ತದೆ.

ಇದಕ್ಕೆ ಬೆಲೆ ತೆತ್ತಿದ್ದೂ ಉಂಟು. ಚಿಕ್ಕಮ್ಮನ ಬೀದಿಯ ನಲ್ಲಿಗೆ ಆ ಬೇಸಿಗೆಯಲ್ಲಿ ನೀರು ಸರಿಯಾಗಿ ಬರಲಿಲ್ಲ. ವಾಲ್ವ್ ಕೆಟ್ಟಿದೆ ಅನ್ನುತ್ತಿದ್ದರು, ನಿಜ ಇದ್ದರೂ ಇರಬಹುದು. ಸಂಘದ ಹೆಂಗಸರ ಗಂಡಂದಿರಿಗೆ ಟೀ ಅಂಗಡಿಯಲ್ಲಿ "ನಿಮ್ಮನೇವ್ರು ಮೆಂಬರ್‌ಗೆ ನಿಲ್ತಾರಂತೆ" ಅನ್ನೋ ಕೊಂಕು ಮಾತು. ಇಬ್ಬರು ಸಂಘವನ್ನೇ ಬಿಟ್ಟರು. ಚಿಕ್ಕಮ್ಮ ಬಿಡಲಿಲ್ಲ, ಆದರೆ ಮುಂದಿನ ಸಭೆಗೆ ಒಬ್ಬರೇ ಹೋಗಲಿಲ್ಲ. ಇಡೀ ಬೀದಿಯ ಹೆಂಗಸರನ್ನು ಕರೆದುಕೊಂಡೇ ಹೋದರು.

ಮೊದಲು ಓದಿದವರು

ಹೀಗೆ ಗಟ್ಟಿಯಾಗಿ ಓದುವುದನ್ನು ಒಂದು ಚಳವಳಿಯೇ ಮಾಡಿದವರು ರಾಜಸ್ಥಾನದ ಕೂಲಿಕಾರರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರು ಹಳ್ಳಿಯವರ ಜೊತೆ ಸೇರಿ 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಬಗ್ಗೆ ನಿಮಗೆ ಗೊತ್ತಿರುತ್ತದೆ. 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಅವರು ಮೊದಲ ಜನ ಸುನವಾಯಿ, ಅಂದರೆ ಜನರ ಬಹಿರಂಗ ವಿಚಾರಣೆ ನಡೆಸಿದರು. ಮಾಡಿದ್ದು ಇಷ್ಟೇ: ಕಾಮಗಾರಿಯ ದಾಖಲೆ ತಂದು ಕೂಲಿ ಮಾಡಿದವರ ಮುಂದೆಯೇ ಓದಿದರು. ಆ ಭಾಗದಲ್ಲಿ ಹೀಗೆ ನಡೆದ ಸಭೆಗಳಲ್ಲಿ ಕೆಲಸಕ್ಕೇ ಹೋಗದವರ ಹೆಸರಲ್ಲಿ ಕೂಲಿ ಬರೆದಿದ್ದು, ಸತ್ತವರ ಹೆಸರು ಸೇರಿಸಿದ್ದು ಎಲ್ಲ ಹೊರಬಂತು. ಇದನ್ನು ಕಂಡುಹಿಡಿಯೋಕೆ ಆಡಿಟರ್ ಬೇಕಾಗಲಿಲ್ಲ. ಅವರು ಸತ್ತಿದ್ದಾರೆ ಅಂತ ಪಕ್ಕದ ಮನೆಯವರಿಗೆ ಗೊತ್ತಿತ್ತು.

ಆದರೆ ಓದಬೇಕು ಅಂದರೆ ಮೊದಲು ಕಾಗದ ಕೈಗೆ ಸಿಗಬೇಕಲ್ಲ. ಅದಕ್ಕೇ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ನಮ್ಮ ದುಡ್ಡು, ನಮ್ಮ ಲೆಕ್ಕ ಅನ್ನೋದೇ ಅವರ ಘೋಷಣೆ. ಅಲ್ಲಿಂದ ಶುರುವಾದ ಹೋರಾಟ ದೇಶದ ಬೇರೆ ಬೇರೆ ಕಡೆಯ ಜನರ ಪ್ರಯತ್ನದ ಜೊತೆ ಸೇರಿ 2005ರ ಮಾಹಿತಿ ಹಕ್ಕು ಕಾಯ್ದೆಯಾಯಿತು. ನಮ್ಮ ರಾಜ್ಯದಲ್ಲಿ 2000ದಲ್ಲೇ ಒಂದು ಮಾಹಿತಿ ಹಕ್ಕು ಕಾಯ್ದೆ ಬಂದಿತ್ತು. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಇದ್ದ ರಾಜ್ಯ ಅಲ್ಲವೇ ಅಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1987ರ ಪಂಚಾಯಿತಿ ಚುನಾವಣೆಯಲ್ಲೇ ನಮ್ಮಲ್ಲಿ ಹೆಂಗಸರಿಗೆ ಶೇ 25ರಷ್ಟು ಸ್ಥಾನ ಇತ್ತು. ಈಗ ಅರ್ಧದಷ್ಟು. ಕೊಳವೆ ಬಾವಿ ಕೊರೆಸಿದ್ದಕ್ಕೆ ಜನ ನಜೀರ್ ಸಾಬ್ ಅವರನ್ನು ನೀರ್ ಸಾಬ್ ಅಂತ ಕರೆದರು, ಅದು ಸರಿಯೇ. ನನ್ನ ಮಟ್ಟಿಗೆ ಹೇಳೋದಾದರೆ, ಜಮಖಾನದ ಮೇಲಿದ್ದ ಹೆಂಗಸರನ್ನು ಎದ್ದು ಕೇಳುವ ಹಾಗೆ ಮಾಡಿದ ದಾರಿಯೂ ಅವರಿಂದಲೇ ಶುರುವಾಗಿದ್ದು.

ಅಂದಹಾಗೆ ಪಟ್ಟಿ ಓದಿದ ಆ ಪಿಯುಸಿ ಹುಡುಗಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತ ಆಮೇಲೆ ಕೇಳಿದೆ. ಹೈಸ್ಕೂಲಿನಲ್ಲಿದ್ದಾಗ ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಶೌಚಾಲಯದ ಬಗ್ಗೆ ಮಾತಾಡಿದ್ದಳಂತೆ. ನಮ್ಮಲ್ಲಿ ಮಕ್ಕಳ ಗ್ರಾಮಸಭೆಯನ್ನು ಎಷ್ಟೋ ಕಡೆ ಒಂದು ಫೋಟೊ ಕಾರ್ಯಕ್ರಮದ ಹಾಗೆ ಮುಗಿಸುತ್ತಾರೆ. ಆದರೆ ಕುಂದಾಪುರದ ಕಡೆ ತೊಂಬತ್ತರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿದ್ದವು, ಕೆಲಸ ಮಾಡುವ ಮಕ್ಕಳೇ ಸೇರಿ ಭೀಮ ಸಂಘ ಅಂತ ಕಟ್ಟಿಕೊಂಡಿದ್ದರು. ಮೈಕು ಹಿಡಿದು ಅಧಿಕಾರಿಯನ್ನು ಒಂದು ಪ್ರಶ್ನೆ ಕೇಳಿ ಉತ್ತರ ಪಡೆದ ಮಗು ದೊಡ್ಡದಾದ ಮೇಲೆ ಅದನ್ನು ಮರೆಯಲ್ಲ. ಸಭೆಯ ಭಯ ಚಿಕ್ಕಂದಿನಲ್ಲೇ ಹೋಗಿಬಿಡಬೇಕು.

ಆಳಂದದಲ್ಲಿ ಉಳಿದದ್ದು ಹೇಗೆ

ಈಗ ಮತದಾರರ ಪಟ್ಟಿಗೆ ಬರೋಣ. ಇದೂ ಒಂದು ಪಟ್ಟಿಯೇ, ಎಲ್ಲ ಪಟ್ಟಿಗಳ ತಾಯಿ ಅನ್ನಬಹುದು. ಒಂದೊಂದು ಹೆಸರಿಗೂ ಎಷ್ಟು ತೂಕ ಅಂತ ನಮ್ಮ ರಾಜ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಲ್ಲಿ ತೀರ್ಮಾನ ಆಗಿದ್ದು ಎಲ್ಲರಿಗೂ ನೆನಪಿದೆ. 2023ರಲ್ಲಿ ಜಯನಗರದಲ್ಲಿ 16 ಮತ.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2018ರ ಗೆಲುವಿನ ಅಂತರ 697 ಮತ. ಅದೇ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮೊದಲು 6,018 ಹೆಸರು ತೆಗೆಯಬೇಕು ಅಂತ ಆನ್‌ಲೈನಿನಲ್ಲಿ ಅರ್ಜಿಗಳು ಬಂದವು. ಫಾರಂ 7, ಅಂದರೆ ಈ ಮತದಾರರು ಇಲ್ಲಿ ಇಲ್ಲ, ಇವರ ಹೆಸರು ತೆಗೆಯಿರಿ ಅಂತ ಕೇಳುವ ಅರ್ಜಿ. ಯಾರ ಹೆಸರಿನಲ್ಲಿ ಅರ್ಜಿ ಹಾಕಲಾಗಿತ್ತೋ ಅವರಿಗೇ ಅದು ಗೊತ್ತಿರಲಿಲ್ಲ. ಯಾರ ಹೆಸರು ತೆಗೆಯಿರಿ ಅಂತ ಕೇಳಲಾಗಿತ್ತೋ ಅವರಿಗೂ ಗೊತ್ತಿಲ್ಲ. ಇಡೀ ವ್ಯವಹಾರ ಯಾರ ಬಾಯಿಂದಲೂ ಹೊರಬರದೆ, ಯಾರ ಕಿವಿಗೂ ಬೀಳದೆ, ಕಂಪ್ಯೂಟರಿನಲ್ಲೇ ಮುಗಿದುಹೋಗುತ್ತಿತ್ತು. ಅದು ಬಯಲಾಗಿದ್ದು ಹೇಗೆ? ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಒಬ್ಬ ಬಿಎಲ್‌ಒಗೆ (ಬೂತ್ ಮಟ್ಟದ ಅಧಿಕಾರಿ) ತಮ್ಮದೇ ಸಂಬಂಧಿಕರೊಬ್ಬರ ಹೆಸರು ತೆಗೆಯುವ ಅರ್ಜಿಯಲ್ಲಿ ಕಂಡಿತು. ಅರೆ, ಇವರು ಊರಲ್ಲೇ ಇದ್ದಾರಲ್ಲ ಅನ್ನಿಸಿತು. ವಿಚಾರಿಸಿದಾಗ ಒಂದರ ಹಿಂದೆ ಒಂದು ಬಿಚ್ಚಿಕೊಂಡಿತು. ಪರಿಶೀಲನೆ ನಡೆದಾಗ ಆ 6,018ರಲ್ಲಿ ಸರಿಯಾಗಿದ್ದವು 24 ಮಾತ್ರ. ಉಳಿದ ಹೆಸರುಗಳು ಪಟ್ಟಿಯಲ್ಲೇ ಉಳಿದವು, ಪೊಲೀಸ್ ದೂರು ದಾಖಲಾಯಿತು. ಆಮೇಲೆ ಇದರ ಸುತ್ತ ದೊಡ್ಡ ರಾಜಕೀಯ ನಡೆಯಿತು, ಈಗಲೂ ನಡೆಯುತ್ತಿದೆ. ನನ್ನ ಮನಸ್ಸು ಮಾತ್ರ ಆ ಮೊದಲ ಕ್ಷಣದಲ್ಲೇ ನಿಂತಿದೆ. ಒಂದು ಹೆಸರನ್ನು ನೋಡಿ "ಇವರು ನನಗೆ ಗೊತ್ತು" ಅಂತ ಒಬ್ಬರಿಗೆ ಅನ್ನಿಸಿದ ಕ್ಷಣ ಅದು. ಬಿಎಲ್‌ಒಗಳು ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು. ತಮ್ಮ ಕೆಲಸದ ಮೇಲೆ ಇದನ್ನೂ ಹೊತ್ತುಕೊಂಡು ಬಿಸಿಲಲ್ಲಿ ಮನೆ ಮನೆ ಸುತ್ತುವವರು. ಅವರಿಗೆ ನಾವು ಎಷ್ಟು ಋಣಿಗಳು ಅನ್ನೋದನ್ನು ಯಾರೂ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಆಗ ನಾಗರಿಕ ಸಂಘಟನೆಗಳು ಕೋರ್ಟಿನಲ್ಲಿ ಕೇಳಿದ್ದರಲ್ಲಿ ಒಂದು ತೀರಾ ಸರಳವಾದದ್ದು: ತೆಗೆದವರ ಹೆಸರು ಯಾವುದು, ಯಾಕೆ ತೆಗೆದಿರಿ, ಅದನ್ನು ಜನರ ಮುಂದೆ ಇಡಿ. ಆ ವರ್ಷ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹಾಗೇ ಮಾಡಿ ಅಂತ ಆದೇಶ ಕೊಟ್ಟಿತು, ಕಾರಣದ ಸಮೇತ. ಪಂಚಾಯಿತಿ ಕಚೇರಿಗಳಲ್ಲೂ ಹಾಕಬೇಕು ಅಂದಿತು. ಈ ಅರ್ಜಿದಾರರಲ್ಲಿ ಒಂದು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್). 1999ರಲ್ಲಿ ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ಶುರು ಮಾಡಿದ ಸಂಸ್ಥೆ, ಅಭ್ಯರ್ಥಿಗಳು ಆಸ್ತಿ ಮತ್ತು ಕ್ರಿಮಿನಲ್ ಕೇಸುಗಳ ಅಫಿಡವಿಟ್ ಕೊಡಬೇಕು ಅನ್ನೋ ನಿಯಮ ಬರುವುದಕ್ಕೂ ಅವರೇ ಕಾರಣ. ಕೋರ್ಟಿನ ಆದೇಶದಿಂದ ಪಟ್ಟಿ ಗೋಡೆಯವರೆಗೆ ಬಂತು. ಗೋಡೆಯಿಂದ ಜನರ ಕಿವಿಗೆ ತಲುಪಿಸುವ ಕೆಲಸ ಕೋರ್ಟು ಮಾಡಲಾರದು. ಅದು ಊರಿನವರ ಕೆಲಸ.

ನಗರದಲ್ಲಿ ಯಾರಿಗೆ ಯಾರು ಗೊತ್ತು

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಪಟ್ಟಿ ಓದಿದಾಗ ಕೇಳುವವರಿಗೆ ಆ ಹೆಸರಿನವರು ಗೊತ್ತಿರುತ್ತಾರೆ ಅನ್ನೋ ನಂಬಿಕೆ. ಬೆಂಗಳೂರಿನಲ್ಲಿ ಇದು ಕೈಕೊಡುತ್ತದೆ. ಹನ್ನೊಂದು ತಿಂಗಳ ಕರಾರು, ಬಾಡಿಗೆ ಮನೆ, ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ಅಂತ ಕೆಳಗಿನವರಿಗೆ ಗೊತ್ತಿಲ್ಲ. 2023ರಲ್ಲಿ ಇಡೀ ರಾಜ್ಯದಲ್ಲಿ ಶೇ 73ರಷ್ಟು ಮತದಾನ ಆದರೆ ಬೆಂಗಳೂರು ನಗರದಲ್ಲಿ ಅದಕ್ಕಿಂತ ಬಹಳ ಕಡಿಮೆ. ಅದಕ್ಕೆ ನಗರದ ಜನ ಸೋಮಾರಿಗಳು ಅಂತ ಬೈಯುವುದು ಸುಲಭ. ಆದರೆ ಮನೆ ಬದಲಾಯಿಸಿ ಹೋದವರ ಹೆಸರು ಹಳೇ ಪಟ್ಟಿಯಲ್ಲೇ ಕೂತಿರುತ್ತದೆ, ಹೊಸದಾಗಿ ಬಂದವರ ಹೆಸರು ಸೇರಿರುವುದಿಲ್ಲ. ಈ ಲೆಕ್ಕ ಸರಿಹೋಗದೆ ಶೇಕಡಾವಾರು ನೋಡಿ ಜನರನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ.

ಪೀಣ್ಯ ಕಡೆಯ ಒಂದು ಬಡಾವಣೆಯಲ್ಲಿ ಕೆಲವರು ಸೇರಿಕೊಂಡು ತಮ್ಮ ಭಾಗದ ಮತದಾರರ ಪಟ್ಟಿ ನೋಡುವ ಕೆಲಸ ಮಾಡುತ್ತಾರೆ. ನಿವೃತ್ತ ಮೇಷ್ಟ್ರು ಒಬ್ಬರು, ಗಾರ್ಮೆಂಟ್ಸಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಕಾಲೇಜು ಹುಡುಗರು ಕೆಲವರು. ಸಂಘ ಸಂಸ್ಥೆಯ ಹೆಸರಿಲ್ಲ, ಬ್ಯಾನರ್ ಇಲ್ಲ. ಅವರ ಜೊತೆ ನಾನೂ ಓಡಾಡಿದ್ದೇನೆ. ಶುರುವಿನಲ್ಲಿ ಮನೆ ಮನೆಗೆ ಹೋಗಿ, ನಿಮ್ಮನೇಲಿ ಎಷ್ಟು ಜನ, ಹೆಸರೇನು ಅಂತ ಕೇಳುತ್ತಿದ್ದರು. ಬಾಗಿಲು ಅರ್ಧ ತೆಗೆದು "ಯಾವ ಪಾರ್ಟಿ?" ಅನ್ನುತ್ತಿದ್ದರು, ಇಲ್ಲವೇ ತೆಗೆಯುತ್ತಲೇ ಇರಲಿಲ್ಲ. ಜನರ ತಪ್ಪಲ್ಲ. ಮತದಾರರ ಜಾಗೃತಿ ಅನ್ನೋ ಹೆಸರಿನಲ್ಲಿ ಮನೆ ಮನೆಯ ಮಾಹಿತಿ ಸಂಗ್ರಹಿಸಿದ ಆರೋಪ 2022ರ ನವೆಂಬರಿನಲ್ಲಿ ಹೊರಬಂದು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಿ ಅಂತ ಚುನಾವಣಾ ಆಯೋಗ ಹೇಳಬೇಕಾಯಿತು. ಅದಾದ ಮೇಲೆ ಬಾಗಿಲಿಗೆ ಬಂದು ಹೆಸರು ಕೇಳುವವರನ್ನು ಯಾರು ನಂಬುತ್ತಾರೆ?

ಆ ಗುಂಪಿನ ಒಬ್ಬ ಹೆಣ್ಣುಮಗಳು ಇದಕ್ಕೆ ದಾರಿ ಹುಡುಕಿದಳು. ನಾವು ಏನೂ ಕೇಳೋದು ಬೇಡ, ಏನೂ ಬರ್ಕೊಳ್ಳೋದು ಬೇಡ, ಪಟ್ಟಿ ಓದೋಣ ಅಂದಳು. ಪಟ್ಟಿ ಹೇಗೂ ಸಾರ್ವಜನಿಕ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಪೆನ್ನೇ ತಗೊಂಡು ಹೋಗಬಾರದು ಅನ್ನೋ ನಿಯಮ ಮಾಡಿಕೊಂಡರು. ಪ್ರಿಂಟ್ ತೆಗೆದ ಹಾಳೆಗಳನ್ನು ಹಿಡಿದು ನ್ಯಾಯಬೆಲೆ ಅಂಗಡಿಯ ಮುಂದೆ, ಅಕ್ಕಿ ಕೊಡುವ ದಿನ, ಕ್ಯೂ ನಿಂತಿದ್ದವರ ಹತ್ತಿರ ಹೋದರು. ಇದು ನಾಲ್ಕನೇ ಅಡ್ಡರಸ್ತೆಯ ಪಟ್ಟಿ, ಹೆಸರು ಓದುತ್ತೇವೆ, ನಿಮ್ಮದು ಬಂದರೆ ಸುಮ್ನೆ ಕೇಳಿಸಿಕೊಳ್ಳಿ, ಬರದಿದ್ದರೆ ಹೊಸದಾಗಿ ಹೆಸರು ಸೇರಿಸುವ ಫಾರಂ 6 ಎಲ್ಲಿ ಸಿಗುತ್ತೆ ಅಂತ ಹೇಳುತ್ತೇವೆ ಅಂದರು. ಮಾಹಿತಿ ಜನರಿಂದ ಇವರ ಕಡೆ ಬರುವ ಬದಲು ಇವರಿಂದ ಜನರ ಕಡೆ ಹೋಗತೊಡಗಿತು. ಅನುಮಾನ ಪೂರ್ತಿ ಹೋಗಲಿಲ್ಲ, ಆದರೆ ಕಿವಿಗಳು ತೆರೆದವು.

ಒಬ್ಬ ಹೆಂಗಸಿನ ಮುಖ ನನಗೆ ಚೆನ್ನಾಗಿ ನೆನಪಿದೆ. ಕೈಯಲ್ಲಿ ಅಕ್ಕಿ ಚೀಲ, ಕಂಕುಳಲ್ಲಿ ಮಗು. ತನ್ನ ಗಂಡನ ಹೆಸರು ಬಂತು, ಅತ್ತೆಯ ಹೆಸರು ಬಂತು. ತನ್ನದು ಬರುತ್ತದೆ ಅಂತ ಕಾದರು. ಮುಂದಿನ ಮನೆ ನಂಬರ್ ಬಂತು. "ನಂದೆಲ್ಲಿ?" ಅಂದರು. ಮದುವೆಯಾಗಿ ಬಂದ ಮೇಲೆ ತವರಿನ ಪಟ್ಟಿಯಿಂದ ಇಲ್ಲಿಗೆ ಹೆಸರು ಬದಲಾಯಿಸಿಕೊಂಡೇ ಇರಲಿಲ್ಲ. ವಿಳಾಸ ಬದಲಾವಣೆಗೆ, ತಿದ್ದುಪಡಿಗೆ ಫಾರಂ 8 ಹಾಕಬೇಕು ಅಂತ ಯಾರು ಹೇಳಬೇಕು ಅವರಿಗೆ? ಅತ್ತೆ ಪ್ರತಿ ಸಲ ಓಟು ಹಾಕಿ ಬೆರಳು ತೋರಿಸುತ್ತಿದ್ದರಂತೆ. ಆಕೆಯನ್ನು ಆವತ್ತೇ ಆ ಭಾಗದ ಬಿಎಲ್‌ಒ ಇರುವ ಅಂಗನವಾಡಿಗೆ ಕರೆದುಕೊಂಡು ಹೋದರು.

ಹಾಗೇ ಇನ್ನೊಂದು ವಿಷಯ ತಿಳಿಯಿತು. ನಗರದಲ್ಲೂ ಎಲ್ಲರನ್ನೂ ಬಲ್ಲವರು ಇದ್ದಾರೆ, ಅವರು ಸಭೆಗಳಿಗೆ ಬರುವವರಲ್ಲ ಅಷ್ಟೇ. ಇಸ್ತ್ರಿ ಅಂಗಡಿಯವರು, ಹಾಲು ಹಾಕುವ ಹುಡುಗ, ನಾಲ್ಕು ಮನೆ ಕೆಲಸ ಮಾಡುವ ಅಮ್ಮ. ಈ ಮನೆಯವರು ಖಾಲಿ ಮಾಡಿ ಎರಡು ವರ್ಷ ಆಯ್ತು, ಆ ಅಜ್ಜ ಹೋದ ದಸರಾದಲ್ಲಿ ತೀರಿಕೊಂಡರು ಅಂತ ಇಸ್ತ್ರಿ ಅಂಗಡಿಯವರು ಕೂತಲ್ಲೇ ಹೇಳಿದರು. ಆದರೆ ಅವರದೇ ಹೆಸರು ಈ ಪಟ್ಟಿಯಲ್ಲಿ ಇಲ್ಲ. ಕೃಷ್ಣಗಿರಿ ಕಡೆಯವರು, ಓಟು ಊರಲ್ಲಿ. ಇಡೀ ರಸ್ತೆಯನ್ನು ಬಲ್ಲವರಿಗೆ ಆ ರಸ್ತೆಯ ಚರಂಡಿಯ ಬಗ್ಗೆ ಮತ ಇಲ್ಲ.

ಕೇಳೋಣ ಅಂದರೆ ಯಾರನ್ನು ಕೇಳೋದು ಅನ್ನೋದೂ ಇದೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿಯಿತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆಯಿತು. ಯಾವ ಪಕ್ಷದ ಸರ್ಕಾರವಿದ್ದರೂ ಇದೇ ಕಥೆ. ಆರಿಸಿ ಬಂದ ಸದಸ್ಯರು ಒಳ್ಳೆಯವರೋ ಕೆಟ್ಟವರೋ, ರಸ್ತೆಯಲ್ಲಿ ಅಡ್ಡ ಹಾಕಿ ಕೇಳಬಹುದಿತ್ತು. ಆಡಳಿತಾಧಿಕಾರಿಯ ಮನೆ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡೋದಿಲ್ಲ.

ಹೊಂಗೆ ಮರದ ಕೆಳಗೆ ನಿಂತವರು

ಓದುವುದೊಂದೇ ಸಾಕಾ? ಸಾಲದು. ಶಾಲೆ ಜಗುಲಿಯ ಸಭೆಯಲ್ಲಿ ಕಾಲೋನಿಯವರು ಹೊರಗೆ ನಿಂತಿದ್ದರು ಅಂದೆನಲ್ಲ. ಯಾರೂ ಅವರನ್ನು ಒಳಗೆ ಬರಬೇಡಿ ಅಂದಿರಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ, ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಊರಿಗೆ ಹೇಳಿಕೊಡದೆ ಬರುತ್ತದೆ. ಮರದ ಕೆಳಗೆ ನಿಂತವರಿಗೆ ಪಟ್ಟಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಆ ಹುಡುಗ ಒಬ್ಬ ಕೇಳಿದ ಅಂತ ಆ ವಿಧವೆಯ ಹೆಸರು ಬಂತು, ಇನ್ನೆಷ್ಟು ಹೆಸರು ಯಾರ ಬಾಯಿಗೂ ಬರದೆ ಉಳಿದವೋ. ಹತ್ತು ಜನರ ಮುಂದೆ ಹೆಸರು ಓದುವಾಗ ಬಡತನವೂ ಬಯಲಾಗುತ್ತದೆ, ಸಾಲವೂ ಬಯಲಾಗುತ್ತದೆ. ಎಲ್ಲ ಪಟ್ಟಿಯನ್ನೂ ಎಲ್ಲ ಕಡೆ ಓದುವುದು ಸರಿಯಲ್ಲ. ಸರ್ಕಾರದ ದುಡ್ಡು ಎಲ್ಲಿ ಹೋಯಿತು ಅನ್ನೋ ಪಟ್ಟಿ ಬೇರೆ, ಒಬ್ಬರ ಕಾಯಿಲೆಯ ವಿವರ ಇರುವ ಪಟ್ಟಿ ಬೇರೆ. ದೊಡ್ಡವರ ಹೆಸರು ಬಂದಾಗ ಎಲ್ಲರೂ ನೆಲ ನೋಡುವ ಊರಿನಲ್ಲಿ ಪ್ರತಿ ಸಲ ಒಬ್ಬ ಅಜ್ಜಿ ಸಿಗುತ್ತಾರೆ ಅಂತ ನಂಬಿಕೊಂಡು ಕೂರುವುದಕ್ಕೂ ಆಗಲ್ಲ.

ಕಾಯ್ದೆಯಲ್ಲೇ ಇದಕ್ಕೆ ಒಂದು ದಾರಿ ಇದೆ, ನಾವು ಬಳಸುತ್ತಿಲ್ಲ. ಗ್ರಾಮಸಭೆಗೆ ಮೊದಲು ವಾರ್ಡ್ ಸಭೆ ನಡೆಯಬೇಕು. ಅದನ್ನು ಕಾಲೋನಿಯ ಸಮುದಾಯ ಭವನದಲ್ಲೇ ನಡೆಸಿದರೆ ಹೊರಗೆ ನಿಲ್ಲುವವರು ಬೇರೆಯವರಾಗುತ್ತಾರೆ. ಚಿಕ್ಕಮ್ಮನ ಸಂಘ ಎರಡನೇ ವರ್ಷ ಹಿಡಿದಿದ್ದು ಇದನ್ನೇ. ಪಿಡಿಒಗೆ ಬರೆದು ಕೊಟ್ಟರು, ಮೊದಲ ಸಲ ಆಗಲಿಲ್ಲ, ಮತ್ತೆ ಕೊಟ್ಟರು. ಕೊನೆಗೆ ಕಾಲೋನಿಯಲ್ಲಿ ವಾರ್ಡ್ ಸಭೆ ಆಯಿತು. ಅಲ್ಲಿ ಪಟ್ಟಿ ಓದಿದಾಗ ಮಧ್ಯೆ ಮಧ್ಯೆ ಎಷ್ಟು ಮಾತು ಬಂತು ಅಂದರೆ ಸಭೆ ಕತ್ತಲಾಗುವವರೆಗೂ ನಡೆಯಿತಂತೆ. ನಾನು ಹೋಗೋಕೆ ಆಗಲಿಲ್ಲ, ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದು. "ಶಾಲೇಲಿ ಮಾತೇ ಆಡ್ದೋರು ಅಲ್ಲಿ ನಮ್ಗೇ ಬಾಯ್ ಬಿಡಕ್ಕೆ ಬಿಡ್ಲಿಲ್ಲ ಕಣೋ" ಅಂದರು. ಅವರ ದನಿಯಲ್ಲಿ ಬೇಜಾರು ಇರಲಿಲ್ಲ.

ಪೀಣ್ಯದ ಗುಂಪಿನವರು ಈಗ ಮುಂದಿನ ಕರಡು ಪಟ್ಟಿಗೆ ತಯಾರಿ ಮಾಡಿಕೊಳ್ಳುತ್ತಿದ್ದಾರೆ. ಒಂದು ಮತಗಟ್ಟೆಯ ಪಟ್ಟಿಯಲ್ಲಿ ಸಾವಿರದ ಆಸುಪಾಸು ಹೆಸರು. ಮನೆ ನಂಬರ್ ಸಮೇತ ನಿಧಾನವಾಗಿ ಓದಿದರೂ ಒಂದು ಮಧ್ಯಾಹ್ನದ ಕೆಲಸ, ರಸ್ತೆವಾರು ಹಂಚಿಕೊಂಡರೆ ಇನ್ನೂ ಬೇಗ. ಓದುವವರು ಮಾತ್ರ ಸಾಲುತ್ತಿಲ್ಲ. ಕನ್ನಡ ಓದುವುದರ ಜೊತೆಗೆ ಉರ್ದು, ತಮಿಳು, ತೆಲುಗು ಮಾತಾಡುವವರೂ ಬೇಕಾಗಿದ್ದಾರೆ. ಹೋದ ಸಲ ಒಬ್ಬರ ಹೆಸರನ್ನು ಓದಿದಾಗ ಅವರು ಅಲ್ಲೇ ನಿಂತಿದ್ದರೂ ಅದು ತಮ್ಮದು ಅಂತ ಗೊತ್ತಾಗಲಿಲ್ಲ. ಪಟ್ಟಿಯಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು, ಓದಿದವರಿಗೆ ಆ ಹೆಸರು ಪರಿಚಯ ಇರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಸರಿಯಾಗಿ ಉಚ್ಚರಿಸಿ ಕರೆದಾಗ ಕೈ ಎತ್ತಿದರು, ಫಾರಂ 8 ತುಂಬಿ ಅದನ್ನೂ ಸರಿ ಮಾಡಿಸಿದರು. ನಿಮ್ಮಲ್ಲಿ ಯಾರಾದರೂ ಆ ಕಡೆ ಇದ್ದರೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಬನ್ನಿ. ಪೆನ್ನು ತರಬೇಡಿ.